ಕೆಂಪು ಚುಕ್ಕೆಗಳ ವಿಮಾನ ಮತ್ತು ಅಬ್ರಹಾಂ ವಾಲ್ಡ್

ರೆಕ್ಕೆ, ಬಾಲದ ತುಂಬ ಕೆಂಪು ಚುಕ್ಕೆಗಳಿರುವ ವಿಮಾನದ ಚಿತ್ರ ನಿಮ್ಮ ವಾಟ್ಸಾಪ್ ಗ್ರೂಪಿಗೂ ಬಂದಿರಬಹುದು. ಎರಡನೇ ಮಹಾಯುದ್ಧದಲ್ಲಿ ಗುಂಡು ತಿಂದು ಮರಳಿದ ವಿಮಾನಗಳಿಗೆ ಸೇನಾಧಿಕಾರಿಗಳು ತೂತು ಬಿದ್ದ ಜಾಗದಲ್ಲೇ ಕವಚ ಹಾಕಿಸಲು ಹೊರಟರಂತೆ. ಅಬ್ರಹಾಂ ವಾಲ್ಡ್ ಎಂಬ ಗಣಿತಜ್ಞ ತಡೆದು, ತೂತಿಲ್ಲದ ಕಡೆ ಹಾಕಿಸಿದರಂತೆ.

ವಾಲ್ಡ್ ಇದ್ದದ್ದು ನಿಜ, ಅವರು ಮಾಡಿದ ಲೆಕ್ಕವೂ ನಿಜ. ಚಿತ್ರ ಮಾತ್ರ ಅವರದಲ್ಲ. ವಿಷಯ ತಿಳಿಸಲು ಈಚೆಗೆ ಯಾರೋ ಬರೆದದ್ದು.

ಅವರು ಹುಟ್ಟಿದ್ದು 1902ರಲ್ಲಿ, ಈಗ ರೊಮೇನಿಯಾಕ್ಕೆ ಸೇರಿದ ಕ್ಲೂಜ್ ಊರಿನಲ್ಲಿ. ಸಂಪ್ರದಾಯಸ್ಥ ಯಹೂದಿ ಮನೆತನ. ಶಾಲೆ ಶನಿವಾರವೂ ನಡೆಯುತ್ತಿದ್ದುದರಿಂದ ಮನೆಯಲ್ಲೇ ಪಾಠವಾಯಿತು. 1931ರಲ್ಲಿ ವಿಯೆನ್ನಾದಲ್ಲಿ ಡಾಕ್ಟರೇಟ್ ಪಡೆದರು. 1938ರಲ್ಲಿ ಆಸ್ಟ್ರಿಯಾ ನಾಜಿಗಳ ಕೈಸೇರಿದ ಮೇಲೆ ಅಮೆರಿಕಕ್ಕೆ ಹೋದರು. ಹಿಂದೆ ಉಳಿದ ಕುಟುಂಬದ ಹೆಚ್ಚಿನವರನ್ನು ನಾಜಿಗಳು ಕೊಂದರು.

ಯುದ್ಧಕಾಲದಲ್ಲಿ ನ್ಯೂಯಾರ್ಕ್‌ನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಸೇನೆಗೆ ಲೆಕ್ಕ ಮಾಡಿಕೊಡುವ ಸಂಖ್ಯಾಶಾಸ್ತ್ರಜ್ಞರ ತಂಡವೊಂದಿತ್ತು. ವಾಲ್ಡ್ 1943ರಲ್ಲಿ ತಮ್ಮ ಟಿಪ್ಪಣಿಗಳನ್ನು ಬರೆದದ್ದು ಆ ತಂಡಕ್ಕಾಗಿ. ಅವರೇ ಕೊಟ್ಟ ಕಾಲ್ಪನಿಕ ಉದಾಹರಣೆ ನೋಡಿ: 400 ವಿಮಾನ ಹೊರಟವು, 380 ಮರಳಿದವು. ಅವುಗಳಲ್ಲಿ 320ಕ್ಕೆ ಒಂದೂ ಗುಂಡು ತಗುಲಿಲ್ಲ. ಅಂದರೆ ತೂತು ಎಣಿಸಲು ಸಿಕ್ಕಿದ್ದು 60 ವಿಮಾನ ಮಾತ್ರ. ಬಿದ್ದುಹೋದ 20ರ ತೂತುಗಳನ್ನು ಎಣಿಸುವವರು ಯಾರು? ಎಂಜಿನ್‌ಗೆ ಪೆಟ್ಟು ಬಿದ್ದದ್ದು ಮರಳುವುದೇ ಕಷ್ಟ. ಹಾಗಾಗಿ ಮರಳಿದವುಗಳ ಎಂಜಿನ್‌ನಲ್ಲಿ ತೂತು ಕಡಿಮೆ ಕಾಣುತ್ತದೆ. ಬಾರದ ವಿಮಾನಗಳಿಗೆ ಎಲ್ಲಿ ಪೆಟ್ಟು ಬಿದ್ದಿರಬೇಕು ಎಂದು ಬಂದವುಗಳಿಂದಲೇ ಅಂದಾಜಿಸುವ ದಾರಿಯನ್ನು ವಾಲ್ಡ್ ತೋರಿಸಿದರು. ಫಾರ್ವರ್ಡ್‌ನಲ್ಲಿರುವ ಅಧಿಕಾರಿಗಳ ಜೊತೆಗಿನ ವಾಗ್ವಾದ ಆ ಟಿಪ್ಪಣಿಗಳಲ್ಲಿಲ್ಲ. ಅಲ್ಲಿರುವುದು ಪುಟಗಟ್ಟಲೆ ಸಮೀಕರಣ. ಕಥೆಗಿಂತ ಅದೇ ನಮಗೆ ಹೆಚ್ಚು ಬೆರಗು ಹುಟ್ಟಿಸಿತು.

ಯುದ್ಧದ ಸಾವುನೋವಿನ ಅಂಕಿಗಳಿಗೂ ಇದೇ ತೊಡಕಿದೆ. ವರದಿಗಾರರು, ಆಂಬುಲೆನ್ಸ್ ತಲುಪಿದ ಊರಿನ ಸಾವು ಪಟ್ಟಿಗೆ ಸೇರುತ್ತದೆ. ಯಾರೂ ತಲುಪಲಾಗದ ಊರು ಅದೇ ಪಟ್ಟಿಯಲ್ಲಿ ಶಾಂತವಾಗಿ ಕಾಣುತ್ತದೆ.

ಗುಂಡುಮದ್ದಿನ ಗುಣಮಟ್ಟವನ್ನು ಕಡಿಮೆ ಮಾದರಿಗಳಲ್ಲೇ ಪರೀಕ್ಷಿಸುವ ವಿಧಾನವನ್ನೂ ಯುದ್ಧದ ವೇಳೆ ವಾಲ್ಡ್ ರೂಪಿಸಿದರು. ಸೇನೆ ಅದನ್ನು ಗುಟ್ಟಾಗಿಟ್ಟಿತ್ತು. ಪುಸ್ತಕವಾಗಿ ಬಂದದ್ದು 1947ರಲ್ಲಿ.

1950ರಲ್ಲಿ ಅವರು ಉಪನ್ಯಾಸ ನೀಡಲು ಭಾರತಕ್ಕೆ ಬಂದಿದ್ದರು. ಡಿಸೆಂಬರ್ 13ರಂದು ಅವರಿದ್ದ ವಿಮಾನ ನಮ್ಮ ಗಡಿಗೆ ತಾಗಿದ ನೀಲಗಿರಿ ಬೆಟ್ಟಕ್ಕೆ ಅಪ್ಪಳಿಸಿತು. ಪತ್ನಿ ಲುಸಿಲ್ ಜೊತೆಗಿದ್ದರು. ವಿಮಾನದಲ್ಲಿದ್ದ ಯಾರೂ ಬದುಕಲಿಲ್ಲ. ವಾಲ್ಡ್‌ಗೆ ಆಗ 48 ವರ್ಷ.