ಕೋವಿಯಿಲ್ಲದೆ ಕರಡಿಯ ಬೆನ್ನುಹತ್ತಿದವನು

ನಮ್ಮೂರು ಸಂಡೂರು ಬೆಟ್ಟಗಳ ಮಗ್ಗುಲಲ್ಲಿದೆ. ನನ್ನ ಸೋದರಮಾವನ ಎಡಭುಜದ ಮೇಲೆ ಕರಡಿಯ ಉಗುರಿನ ಗೆರೆಗಳಿವೆ. ಆದುದರಿಂದ ಕಾಡುಕರಡಿಗಳನ್ನು ಬರಿಗೈಯಲ್ಲಿ ಹಿಂಬಾಲಿಸಿ ನೋಡುತ್ತಿದ್ದವನೊಬ್ಬನ ಪುಸ್ತಕವು ವಾಚನಾಲಯದಲ್ಲಿ ಕೈಗೆ ಸಿಕ್ಕಾಗ, ಇದು ಹೊಟ್ಟೆ ತುಂಬಿದವರ ಹವ್ಯಾಸವಿರಬೇಕೆಂದು ಭಾವಿಸಿದೆನು. ನಿಘಂಟನ್ನು ಪಕ್ಕದಲ್ಲಿಟ್ಟುಕೊಂಡು ಓದುತ್ತ ಹೋದಂತೆ ಆ ಭಾವನೆ ಉಳಿಯಲಿಲ್ಲ. ಆತನ ಹೆಸರು ಎನೋಸ್ ಮಿಲ್ಸ್.

ಮಿಲ್ಸನು ಹುಟ್ಟಿದ್ದು ೧೮೭೦ರಲ್ಲಿ, ಅಮೆರಿಕದ ಕ್ಯಾನ್ಸಾಸ್ ಸೀಮೆಯ ಒಕ್ಕಲು ಮನೆತನದಲ್ಲಿ. ಬಾಲ್ಯದಲ್ಲಿ ರೋಗಿಷ್ಠನಾಗಿದ್ದ ಆತನು ಹದಿನಾಲ್ಕರ ವಯಸ್ಸಿನಲ್ಲಿ ಆರೋಗ್ಯವನ್ನರಸಿ ಕೊಲೊರಾಡೊ ಪರ್ವತಗಳಿಗೆ ಬಂದನು. ೧೪,೦೦೦ ಅಡಿ ಮೀರಿದ ಲಾಂಗ್ಸ್ ಪೀಕ್ ಶಿಖರದೆದುರು ತಾನೇ ಮರದ ದಿಮ್ಮಿಗಳ ಗುಡಿಸಲೊಂದನ್ನು ಕಟ್ಟಿಕೊಂಡನು. ಚಳಿಗಾಲದಲ್ಲಿ ಮೊಂಟಾನಾ ಸೀಮೆಯ ಬ್ಯೂಟ್ ಎಂಬಲ್ಲಿ ತಾಮ್ರದ ಗಣಿಯ ಕೂಲಿ. ಹತ್ಯಾರು ಹೊರುವ ಹುಡುಗನಾಗಿ ಸೇರಿ ಇಂಜಿನಿಯರನ ಕೆಲಸದವರೆಗೂ ಏರಿದನು. ಶಾಲೆಯ ಓದು ಅಲ್ಪ. ಗಣಿಯೂರಿನ ಸಾರ್ವಜನಿಕ ಪುಸ್ತಕಾಲಯವೇ ಆತನ ಗುರುಮನೆ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಲು ಹತ್ತಿದವರಲ್ಲಿ ನಾನೇ ಮೊದಲಿಗ. ಈ ಪುಟವನ್ನು ಎರಡು ಸಲ ಓದಿದೆನೆಂದು ಒಪ್ಪಿಕೊಳ್ಳುತ್ತೇನೆ.

೧೮೮೯ರಲ್ಲಿ ಗಣಿಗೆ ಬೆಂಕಿ ಬಿದ್ದು ಕೆಲಸ ನಿಂತಿತು. ಆಗ ಸ್ಯಾನ್ ಫ್ರಾನ್ಸಿಸ್ಕೋಗೆ ಹೋದವನಿಗೆ ಅಲ್ಲಿನ ಕಡಲತೀರದಲ್ಲಿ ಪ್ರಕೃತಿಪ್ರೇಮಿ ಜಾನ್ ಮ್ಯೂರ್ ಅಕಸ್ಮಾತ್ತಾಗಿ ಭೇಟಿಯಾದನು. ಕಾಡಿನ ಪರವಾಗಿ ಬರೆಯುವ, ಮಾತನಾಡುವ ಹಂಬಲವು ಆತನಲ್ಲಿ ಬೇರೂರಿದ್ದು ಅಲ್ಲಿಂದಲೇ.

ಅಂದಿನ ದಿನಗಳಲ್ಲಿ ಗ್ರಿಜ್ಲಿ ಕರಡಿಯೆಂದರೆ ಕಂಡಲ್ಲಿ ಕೊಲ್ಲತಕ್ಕ ಪ್ರಾಣಿ. ದನಗಾರರು ಉರುಳು, ವಿಷ, ಕೋವಿ ಎಲ್ಲವನ್ನೂ ಪ್ರಯೋಗಿಸುತ್ತಿದ್ದರು. ಮಿಲ್ಸನು ಮಾತ್ರ ಕೋವಿಯನ್ನು ಮನೆಯಲ್ಲೇ ಬಿಟ್ಟು ಅದರ ಹೆಜ್ಜೆ ಹಿಡಿದು ಹೋಗುತ್ತಿದ್ದನು. ಸರ್ಕಾರದ ಪರವಾಗಿ ಹಿಮದ ಆಳವನ್ನು ಅಳೆಯುವ ಕೆಲಸಕ್ಕೆ ಚಳಿಗಾಲದ ಪರ್ವತಗಳನ್ನು ಒಂಟಿಯಾಗಿ ಸುತ್ತಿದಾಗಲೂ ಆಯುಧವಿರಲಿಲ್ಲ. ಗ್ರಿಜ್ಲಿಯ ಮೂಗು ಬಲು ಸೂಕ್ಷ್ಮ; ಆದುದರಿಂದ ಗಾಳಿ ಎತ್ತಣಿಂದ ಬೀಸುತ್ತಿದೆಯೆಂಬುದನ್ನು ತಿಳಿಯದೆ ಆತನು ಹೆಜ್ಜೆಯಿಡುತ್ತಿರಲಿಲ್ಲ. ಹಿಮದಲ್ಲಿ ಹೆಜ್ಜೆ ನೋಡುತ್ತ ನಡೆದಿರುವಾಗ ಕರಡಿಯೇ ಸುತ್ತುಬಳಸಿ ಬಂದು ತನ್ನ ಬೆನ್ನುಹತ್ತಿದ್ದನ್ನೂ ಕಂಡನು. ಯಾರು ಯಾರನ್ನು ನೋಡುತ್ತಿದ್ದರೋ! ಗಾಯಗೊಂಡಾಗ, ದಾರಿ ಕಟ್ಟಿದಾಗ, ಮರಿಗಳಿದ್ದಾಗ, ಇಲ್ಲವೆ ಥಟ್ಟನೆ ಎದುರಾದಾಗಲೇ ಅದು ಮೇಲೆ ಬೀಳುವುದೆಂದು ಆತನು ಕಂಡುಕೊಂಡನು. ಈ ಅನುಭವಗಳೆಲ್ಲ ೧೯೧೯ರಲ್ಲಿ ಗ್ರಿಜ್ಲಿಯ ಕುರಿತ ಪುಸ್ತಕವಾಗಿ ಹೊರಬಂದವು.

ಎರಡು ಗ್ರಿಜ್ಲಿ ಮರಿಗಳನ್ನು ಮನೆಗೆ ತಂದು ಸಾಕಿದ್ದೂ ಉಂಟು. ಇದೊಂದು ನನಗೆ ಹಿಡಿಸಲಿಲ್ಲ. ಮನುಷ್ಯನ ಕೈಯ ಅನ್ನ ತಿಂದ ಕರಡಿ ಮನುಷ್ಯನಿಗೂ ಅಪಾಯ, ತನಗೂ ಅಪಾಯ. ಯೆಲ್ಲೋಸ್ಟೋನ್ ಉದ್ಯಾನದಲ್ಲಿ ಹೋಟೆಲುಗಳ ಕಸದ ಗುಂಡಿಯ ಬಳಿ ಕರಡಿಗಳನ್ನು ಪ್ರೇಕ್ಷಕರಿಗೆ ತೋರಿಸುತ್ತಿದ್ದ ಕಾಲವೊಂದಿತ್ತು. ಇಂದು ಅಲ್ಲಿ ಕರಡಿಯಿಂದ ೧೦೦ ಗಜ ದೂರವಿರಬೇಕೆಂಬ ಕಟ್ಟಳೆಯಿದೆ.

೧೯೦೨ರಿಂದ ಮಿಲ್ಸನು ಶಿಖರದ ಬುಡದಲ್ಲಿ ಒಂದು ವಸತಿಗೃಹವನ್ನು ನಡೆಸಿ, ಬಂದವರಿಗೆ ಕಾಡು ತೋರಿಸುವ ಮಾರ್ಗದರ್ಶಕರನ್ನು ತರಬೇತು ಮಾಡಿದನು. ವರ್ಷಗಟ್ಟಲೆ ಊರೂರು ಅಲೆದು ಭಾಷಣ ಮಾಡಿದ ಫಲವಾಗಿ ೧೯೧೫ರಲ್ಲಿ ರಾಕಿ ಪರ್ವತ ರಾಷ್ಟ್ರೀಯ ಉದ್ಯಾನ ಸ್ಥಾಪನೆಯಾಯಿತು. ಆತನು ೧೯೨೨ರಲ್ಲಿ ತೀರಿಕೊಂಡನು. ವಯಸ್ಸು ಕೇವಲ ೫೨. ಉದ್ಯಾನ ಉಳಿಯಿತು, ಗ್ರಿಜ್ಲಿ ಉಳಿಯಲಿಲ್ಲ. ಕೊಲೊರಾಡೊದಲ್ಲಿ ಅದು ನಿರ್ನಾಮವಾಯಿತೆಂದು ಎಲ್ಲರೂ ನಂಬಿದ್ದಾಗ ೧೯೭೯ರಲ್ಲಿ ಒಂದು ಹೆಣ್ಣು ಕರಡಿ ಕಾಣಿಸಿಕೊಂಡಿತು. ಬೇಟೆಗೆ ಬಂದವರ ಮಾರ್ಗದರ್ಶಕನೊಬ್ಬನೊಡನೆ ಸೆಣಸಿ ಅದೂ ಸತ್ತಿತು.

ನಮ್ಮ ಕರಡಿ ಗ್ರಿಜ್ಲಿಯಲ್ಲ, ನಿಜ. ಹುತ್ತ ಕೆದಕುತ್ತ ಮೈಮರೆಯುವ ಜಾತಿ; ತೀರ ಹತ್ತಿರ ಹೋದರೆ ಓಡುವುದಕ್ಕಿಂತ ಮೇಲೆ ಬೀಳುವುದೇ ಹೆಚ್ಚು. ಕಳೆದ ರಜೆಯಲ್ಲಿ ಊರಿಗೆ ಹೋದಾಗ, ಅಂದು ಗಾಳಿ ಯಾವ ಕಡೆಯಿಂದ ಬೀಸುತ್ತಿತ್ತೆಂದು ಮಾವನನ್ನು ಕೇಳಿದೆನು. ಈ ಮಾತನ್ನು ಅವರನ್ನು ಯಾರೂ ಕೇಳಿರಲಿಲ್ಲ. ಬಹಳ ಹೊತ್ತು ಯೋಚಿಸಿ, ಗಾಳಿ ತಮ್ಮ ಮುಖಕ್ಕೇ ಬಡಿಯುತ್ತಿತ್ತೆಂದೂ, ಚಳಿಗೆಂದು ಕಂಬಳಿಯನ್ನು ಕಿವಿ ಮುಚ್ಚುವಂತೆ ಹೊದ್ದಿದ್ದರಿಂದ ಪೊದೆಯಾಚೆ ಅದು ಹುತ್ತ ಕೆದಕುವ ಸದ್ದು ತಮಗೆ ಕೇಳಲೇ ಇಲ್ಲವೆಂದೂ ಹೇಳಿದರು.