ಹಳೆಯ ಪ್ಲೇಟು ಕರಕರ ಎನ್ನುವುದು ವಯಸ್ಸಿನಿಂದಲೇ? ಗೌಹರ್ ಜಾನ್ ಮತ್ತು ಒಂದು ಉಕ್ಕಿನ ಮುಳ್ಳು

ಗ್ರಾಮಫೋನ್ ಪ್ಲೇಟು ಹಳತಾದರೆ ಕರಕರ ಎನ್ನುತ್ತದೆ, ಅದಕ್ಕೇನೂ ಮಾಡಲಾಗದು ಎಂದು ನಾವೆಲ್ಲ ನಂಬಿದ್ದೇವೆ. ಶ್ರೀಮಂಗಲದ ನಮ್ಮ ಮನೆಯಲ್ಲೂ ಹಾಗೇ ಅಂದುಕೊಂಡಿದ್ದೆವು. ಒಂದು ಮಳೆಗಾಲ ಮುಗಿದ ಮೇಲೆ ಅಜ್ಜನ ರೆಕಾರ್ಡ್ ಪ್ಲೇಯರಿನ ಮುಳ್ಳನ್ನು ಭೂತಗನ್ನಡಿಯಲ್ಲಿ ನೋಡಿದೆ. ತುದಿಗೆ ಬೂಷ್ಟು ಮತ್ತು ಧೂಳಿನ ಸಣ್ಣ ಉಂಡೆ ಅಂಟಿತ್ತು. ಅದನ್ನು ತೆಗೆದ ಮೇಲೆ ಅರ್ಧ ಸದ್ದು ಹೋಯಿತು. ಉಳಿದರ್ಧ ಹೋಗಲಿಲ್ಲ. ಅದು ಯಾಕೆ ಹೋಗಲಿಲ್ಲ ಎಂದು ತಿಳಿಯಲು ನಮ್ಮ ಪಕ್ಕದ ಮೈಸೂರಿನಲ್ಲಿ ಕೊನೆಯುಸಿರೆಳೆದ ಒಬ್ಬ ಗಾಯಕಿಯ ಬದುಕಿಗೆ ಹೋಗಬೇಕು.

ಗೌಹರ್ ಜಾನ್ ಹುಟ್ಟಿದ್ದು 1873ರಲ್ಲಿ, ಆಜಮ್‌ಗಢದಲ್ಲಿ. ತಂದೆ ಅರ್ಮೇನಿಯನ್ ಮೂಲದವರು. ಮಗುವಿಗೆ ಇಟ್ಟ ಹೆಸರು ಏಂಜೆಲಿನಾ. ತಂದೆ ತಾಯಿ ಬೇರೆಯಾದರು. ತಾಯಿ ಮಗಳೊಂದಿಗೆ ಬನಾರಸಿಗೆ ಬಂದು, ಇಸ್ಲಾಂ ಸ್ವೀಕರಿಸಿ ಮಲ್ಕಾ ಜಾನ್ ಆದರು, ಮಗಳು ಗೌಹರ್ ಆದಳು. ಮುಂದೆ ಕಲ್ಕತ್ತಾ ಸೇರಿದರು. 1887ರಲ್ಲಿ ದರ್ಭಾಂಗದ ಆಸ್ಥಾನದಲ್ಲಿ ಗೌಹರ್ ಮೊದಲ ಕಛೇರಿ ಮಾಡಿದಾಗ ಇನ್ನೂ ಹದಿಹರೆಯ.

1902ರಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತಾಕ್ಕೆ ಬಂದರು. ಭಾರತದಲ್ಲಿ ಮೊದಲು ಧ್ವನಿಮುದ್ರಣವಾದದ್ದು ಗೌಹರ್ ಅವರದೇ ಎಂದು ನೀವು ಕೇಳಿರಬಹುದು. ಅದು ಪೂರ್ತಿ ಸರಿಯಲ್ಲ. ಕೆಲವೇ ದಿನ ಮೊದಲು ಶಶಿಮುಖಿ, ಫಣಿಬಾಲಾ ಎಂಬ ರಂಗಭೂಮಿಯ ಇಬ್ಬರು ಹುಡುಗಿಯರ ಹಾಡು ಮುದ್ರಣವಾಗಿತ್ತು. ಆದರೆ ತಾಸುಗಟ್ಟಲೆ ಹಾಡುವ ರಾಗವನ್ನು ಮೂರು ನಿಮಿಷಕ್ಕೆ ಅಚ್ಚುಕಟ್ಟಾಗಿ ಇಳಿಸಿ ತೋರಿಸಿದ್ದು ಗೌಹರ್. ಹಾಡಿನ ಕೊನೆಗೆ ಅವರು ಇಂಗ್ಲಿಷಿನಲ್ಲಿ ತಮ್ಮ ಹೆಸರು ಹೇಳುವುದನ್ನು ಹಲವರು ಜಂಬ ಎನ್ನುತ್ತಾರೆ. ಅದಕ್ಕೆ ಕಾರಣ ಬೇರೆ. ಆಗ ಪ್ಲೇಟುಗಳ ಅಚ್ಚು ಆಗುತ್ತಿದ್ದದ್ದು ಜರ್ಮನಿಯ ಹ್ಯಾನೋವರಿನಲ್ಲಿ. ಹಾಡಿದವರು ಯಾರೆಂದು ಅಲ್ಲಿಯವರಿಗೆ ತಿಳಿಯಬೇಕಿತ್ತು.

ಅವರ ದನಿ ತೀರಾ ಕೀರಲು ಎನ್ನುವುದೂ ಅನ್ಯಾಯದ ಮಾತು. ಆಗ ಮೈಕ್ ಇರಲಿಲ್ಲ. ಕಹಳೆಯಂಥ ಕೊಳವೆಯೊಳಗೆ ಜೋರಾಗಿ ಹಾಡಬೇಕಿತ್ತು, ಕಂಠದ ಒಂದು ಪಾಲು ಮಾತ್ರ ಮೇಣದಲ್ಲಿ ಮೂಡುತ್ತಿತ್ತು.

ಮೂಡಿದ್ದರಲ್ಲೂ ಮುಳ್ಳು ತನ್ನ ಪಾಲು ಕಿತ್ತುಕೊಂಡಿತು. 78 ವೇಗದ ಪ್ಲೇಟು ಬರೀ ಅರಗಲ್ಲ. ಅದರ ಹೆಚ್ಚಿನ ಭಾಗ ಕಲ್ಲಿನ ಪುಡಿ. ಉಕ್ಕಿನ ಹೊಸ ಮುಳ್ಳು ಇಟ್ಟೊಡನೆ ಆ ಪುಡಿ ಅದನ್ನು ಗೀರಿನ ಆಕಾರಕ್ಕೆ ಸಾಣೆ ಹಿಡಿಯುತ್ತದೆ. ಒಂದು ಬದಿ ಮುಗಿಯುವಷ್ಟರಲ್ಲಿ ತುದಿಯ ಅಂಚುಗಳು ಉಳಿಯಂತಾಗಿರುತ್ತವೆ. ಅದಕ್ಕೇ ಒಂದು ಮುಳ್ಳಿಗೆ ಒಂದೇ ಬದಿ ಎಂಬ ನಿಯಮವಿತ್ತು. ಇನ್ನೂ ಹಾಡುತ್ತಿದೆಯಲ್ಲ ಎಂದು ಅದೇ ಮುಳ್ಳನ್ನು ಹತ್ತು ಸಲ ಓಡಿಸಿದರೆ ಗೀರಿನ ಗೋಡೆ ಕೆರೆದುಹೋಗುತ್ತದೆ. ಆ ಭಾಗ ಮರಳುವುದಿಲ್ಲ. ನಮ್ಮ ಮನೆಯ ಪ್ಲೇಟಿನ ಉಳಿದರ್ಧ ಸದ್ದು ಇದೇ (ಅದು ಗೌಹರ್ ಅವರದ್ದಲ್ಲ, ಸಿನಿಮಾ ಹಾಡು).

ಗೌಹರ್ ಹತ್ತಕ್ಕೂ ಹೆಚ್ಚು ಭಾಷೆಗಳಲ್ಲಿ ನೂರಾರು ಹಾಡು ಮುದ್ರಿಸಿದರು. 1911ರ ದೆಹಲಿ ದರ್ಬಾರಿನಲ್ಲಿ ಅಲಹಾಬಾದಿನ ಜಾನಕೀ ಬಾಯಿಯೊಂದಿಗೆ ಹಾಡಿದರು. ಬಳಿಕ ಕೋರ್ಟು ವ್ಯಾಜ್ಯಗಳಲ್ಲಿ ಹಣ ಕರಗಿತು, ಮೆಹಫಿಲುಗಳು ಕಡಿಮೆಯಾದವು. 1928ರ ಆಗಸ್ಟಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅವರನ್ನು ಮೈಸೂರಿನ ಆಸ್ಥಾನ ವಿದುಷಿಯಾಗಿ ನೇಮಿಸಿಕೊಂಡರು. ಒಂದೂವರೆ ವರ್ಷವೂ ತುಂಬಲಿಲ್ಲ; 1930ರ ಜನವರಿ 17ರಂದು ತೀರಿಕೊಂಡರು. ಆ ಕಂಠದಲ್ಲಿ ಉಳಿದಿರುವುದು ಪ್ಲೇಟುಗಳ ಗೀರಿನಲ್ಲಿ ಇರುವಷ್ಟೇ.

ನಿಮ್ಮ ಮನೆಯ ಅಟ್ಟದಲ್ಲಿ ಅಂಥದ್ದೊಂದು ಸಿಕ್ಕಿದರೆ ಎಲ್‌ಪಿ ಮುಳ್ಳಿನಲ್ಲಿ ಓಡಿಸಬೇಡಿ. 78ರ ಗೀರು ಅಗಲ, ಅದಕ್ಕೆ ಸುಮಾರು ನಾಲ್ಕು ಪಟ್ಟು ದಪ್ಪದ ತುದಿ ಬೇಕು. ವಜ್ರದ ಮುಳ್ಳು ಸವೆಯುವುದೇ ಇಲ್ಲ ಎನ್ನುವುದೂ ಸುಳ್ಳು, ನಿಧಾನಕ್ಕೆ ಸವೆಯುತ್ತದೆ. ಅದನ್ನು ಬೆರಳಿನಿಂದ ಒರೆಸಬಾರದು. ಪ್ಲೇಟು ನಿಲ್ಲಿಸಿ, ವಾಲ್ಯೂಮ್ ಇಳಿಸಿ, ಮೃದುವಾದ ಒಣ ಕುಂಚವನ್ನು ಹಿಂದಿನಿಂದ ಮುಂದಕ್ಕೆ, ಎಂದರೆ ಪ್ಲೇಟು ಚಲಿಸುವ ದಿಕ್ಕಿಗೇ ಎಳೆಯಿರಿ. ಅಡ್ಡಕ್ಕೆಳೆದರೆ ಮುಳ್ಳು ಹಿಡಿದಿರುವ ಸಪೂರ ಕಡ್ಡಿ ಬಾಗುತ್ತದೆ. 78ರ ಪ್ಲೇಟಿಗೆ ಬೂಷ್ಟು ಹಿಡಿದಿದ್ದರೆ ಸ್ಪಿರಿಟ್ ಹಚ್ಚಲೇಬೇಡಿ. ಬಡಗಿಗಳು ಅರಗನ್ನು ಕರಗಿಸಿ ಪಾಲಿಶ್ ಮಾಡಿಕೊಳ್ಳುವುದು ಸ್ಪಿರಿಟ್‌ನಲ್ಲೇ.