ಕೆಂಗೇರಿಯ ಹೊಳೆ ವೃಷಭಾವತಿ

ಮಕ್ಕಳೇ, ರಜೆಗೆ ಕೆಂಗೇರಿ ಉಪನಗರದ ಅಜ್ಜಿ ಮನೆಗೆ ಬರುವಾಗ, ಮೈಸೂರು ರಸ್ತೆಯ ನಾಯಂಡಹಳ್ಳಿ ಹತ್ತಿರ ಕಾರಿನ ಗಾಜು ಏರಿಸಿ ಮೂಗು ಮುಚ್ಚಿಕೊಳ್ಳುತ್ತೀರಲ್ಲವೇ? ಅಲ್ಲಿ ಕಪ್ಪಗೆ ಹರಿಯುವುದನ್ನು ಎಲ್ಲರೂ ಮೋರಿ ಎನ್ನುತ್ತಾರೆ. ಅದಕ್ಕೊಂದು ಚಂದದ ಹೆಸರಿದೆ: ವೃಷಭಾವತಿ ನದಿ.

ಬೆಂಗಳೂರು ದಿಣ್ಣೆಯ ಮೇಲಿನ ಊರು. ಪೂರ್ವದ ಇಳಿಜಾರಿನ ಮಳೆ ದಕ್ಷಿಣ ಪಿನಾಕಿನಿಯ ಕಡೆಗೆ ಹೋಗುತ್ತದೆ, ಪಶ್ಚಿಮದ್ದು ವೃಷಭಾವತಿಗೆ ಇಳಿಯುತ್ತದೆ. ಬಸವನಗುಡಿಯ ದೊಡ್ಡ ಬಸವನ ಪಾದದಲ್ಲಿ ಈ ನದಿ ಹುಟ್ಟಿತೆಂದು ಜನ ನಂಬುತ್ತಾರೆ. ಗಾಳಿ ಆಂಜನೇಯ ಗುಡಿ, ಕೆಂಗೇರಿ, ಕುಂಬಳಗೋಡು ದಾಟಿ ಬಿಡದಿಯಾಚೆಯ ಬೈರಮಂಗಲ ಕೆರೆ ಸೇರುತ್ತದೆ. ಅಲ್ಲಿಂದ ಮುಂದೆ ಅರ್ಕಾವತಿ, ಸಂಗಮದಲ್ಲಿ ಕಾವೇರಿ.

ಈ ಸೀಮೆಯ ಹಳೆಯ ಉದ್ಯಮ ರೇಷ್ಮೆ. ಟಿಪ್ಪು ಸುಲ್ತಾನನ ಕಾಲದಲ್ಲಿ ಬೇರೂರಿದ ಕಸುಬು ಅದು. ರಾಮನಗರದಲ್ಲಿ ಇಂದಿಗೂ ರೇಷ್ಮೆಗೂಡಿನ ದೊಡ್ಡ ಮಾರುಕಟ್ಟೆ ನಡೆಯುತ್ತದೆ. 1880ರ ದಶಕದಲ್ಲಿ ಕೆಂಗೇರಿ ಮೇಲೆ ಮೈಸೂರಿಗೆ ರೈಲು ಬಂತು, ಮೇಲಿನ ಕಣಿವೆಯಲ್ಲಿ ಬಿನ್ನಿ ಮಿಲ್ಲು ತಲೆಯೆತ್ತಿತು. ಆಮೇಲೆ ಪೀಣ್ಯ, ಕುಂಬಳಗೋಡು, ಬಿಡದಿಯ ಕೈಗಾರಿಕಾ ಪ್ರದೇಶಗಳು. ಬಿಡದಿಯಲ್ಲಿ 1999ರಿಂದ ಟೊಯೋಟಾ ಕಾರುಗಳು ತಯಾರಾಗುತ್ತಿವೆ.

ನನಗೆ ಬಹಳ ಮುಖ್ಯವೆನಿಸುವ ವರ್ಷ 1974. ಸುಮಾರು 100 ಕಿಲೋಮೀಟರ್ ದೂರದ ಕಾವೇರಿ ನೀರನ್ನು ಪಂಪುಗಳಿಂದ ಮೇಲೆತ್ತಿ ಬೆಂಗಳೂರಿಗೆ ತರುವ ಮೊದಲ ಹಂತ ಆಗ ಶುರುವಾಯಿತು. ಅಜ್ಜಿಯ ಮನೆಯ ನಲ್ಲಿಯಲ್ಲಿ ಬರುವುದು ಆ ನೀರೇ. ಪಾತ್ರೆ ತೊಳೆದು, ಸ್ನಾನ ಮಾಡಿ ನಾವು ಬಿಟ್ಟ ನೀರು ಚರಂಡಿ ಹಿಡಿದು ವೃಷಭಾವತಿಗೆ ಬೀಳುತ್ತದೆ, ಕೊನೆಗೆ ಅರ್ಕಾವತಿಯ ಜೊತೆ ಕಾವೇರಿಗೇ ಮರಳುತ್ತದೆ. ಒಂದು ಕಾಲಕ್ಕೆ ಮಳೆಯನ್ನು ನೆಚ್ಚಿದ್ದ ಹೊಳೆ ಈಗ ಬೇಸಿಗೆಯಲ್ಲೂ ತುಂಬಿ ಹರಿಯುತ್ತಿರುವುದು ಇದರಿಂದಲೇ. ಶುದ್ಧೀಕರಣ ಘಟಕಗಳಿವೆ, ಸಾಲುತ್ತಿಲ್ಲ. ಮನೆಗಳ ಕೊಳಚೆಗೆ ಬಣ್ಣದ, ಲೋಹದ ಕಾರ್ಖಾನೆಗಳ ರಾಸಾಯನಿಕವೂ ಸೇರಿ ಬೈರಮಂಗಲದಲ್ಲಿ ಬಿಳಿ ನೊರೆ ಏಳುತ್ತದೆ. ನೀರಾವರಿಗೆಂದು ಕಟ್ಟಿದ ಆ ಕೆರೆಯ ಕೆಳಗೆ ಭತ್ತ ಬೆಳೆಯುತ್ತಿದ್ದ ರೈತರು ಈಗ ಮೇವಿನ ಹುಲ್ಲು, ಬೇಬಿ ಕಾರ್ನ್‌ನತ್ತ ಹೊರಳಿದ್ದಾರೆ.

ಕಾರ್ಖಾನೆಗಳು ಈ ಕಣಿವೆಯ ಸಾವಿರಾರು ಮನೆಗಳಿಗೆ ಅನ್ನ ಕೊಟ್ಟಿವೆ, ನಿಜ. ಹಾಗೆಂದು ಹೊಳೆಯನ್ನು ಕೊಲ್ಲಬೇಕಿರಲಿಲ್ಲ. ಲಂಡನ್ನಿನ ಥೇಮ್ಸ್ ನದಿ 1957ರಲ್ಲಿ ಸತ್ತೇಹೋಯಿತು ಎನ್ನಿಸಿಕೊಂಡಿತ್ತು. ಕೊಳಚೆ ಶುದ್ಧಿ ಮಾಡಿದ ಮೇಲೆ ಅಲ್ಲಿ ಮೀನುಗಳು ಮತ್ತೆ ಬಂದವು. ನಮ್ಮ ಹೊಳೆಗೂ ಅದು ಸಾಧ್ಯ.

ಮುಂದಿನ ಸಲ ಊರಿಗೆ ಬಂದಾಗ ಅಜ್ಜಿ, ತಾತನನ್ನು ಕೇಳಿ: ನೀವು ಚಿಕ್ಕವರಿದ್ದಾಗ ಈ ಹೊಳೆ ಹೇಗಿತ್ತು? ಅವರು ಹೇಳಿದ್ದನ್ನು ಕನ್ನಡದಲ್ಲೇ ಬರೆದು ನಮ್ಮ ಸಂಚಿಕೆಗೆ ಕಳುಹಿಸಿ.